ಜಾಗೃತಿಯ ಬೆನ್ನಿಗೇ ಬಂದ ಮಕ್ಕಳು: ಸಾಗರದ ಆಟಿಸಂ ಕೇಂದ್ರವೊಂದರ ನಿಧಿ ಸಂಗ್ರಹ

ಸಾಗರ ಪೇಟೆಯ ಅಂಚಿನಲ್ಲಿ, ಬಾಡಿಗೆಯ ಹೆಂಚಿನ ಮನೆಯೊಂದರಲ್ಲಿ ಆಟಿಸಂ (ಮಾತು, ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳಿಗಾಗಿ ಹಗಲು ಕೇಂದ್ರವೊಂದು ನಡೆಯುತ್ತಿದೆ. ಇಬ್ಬರು ವಿಶೇಷ ಶಿಕ್ಷಕಿಯರು, ಒಬ್ಬ ಆಯಾ, ವಾರಕ್ಕೆ ಎರಡು ದಿನ ಶಿವಮೊಗ್ಗದಿಂದ ರೈಲಿನಲ್ಲಿ ಬಂದು ಹೋಗುವ ಸ್ಪೀಚ್ ಥೆರಪಿಸ್ಟ್. ಇಷ್ಟೇ ಸಿಬ್ಬಂದಿ. ಅದನ್ನು ನಡೆಸುವ ಸಣ್ಣ ಟ್ರಸ್ಟಿನ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಊರು ಸಣ್ಣದು, ಹೆಸರು ಹೇಳಿದರೆ ಯಾವ ಮನೆಯ ಮಗು ಅಲ್ಲಿಗೆ ಬರುತ್ತದೆ ಎಂಬುದನ್ನೂ ಹೇಳಿದಂತಾಗುತ್ತದೆ. ಈ ಪ್ರಕರಣದ ಅರ್ಧ ಭಾಗ ಆ ಗುರುತನ್ನು ಕಾಯುವುದಕ್ಕೇ ಸಂಬಂಧಿಸಿದ್ದು.

ಸಂಘ ಸಂಸ್ಥೆ ನಡೆಸುವವರಲ್ಲಿ ಒಂದು ನಂಬಿಕೆ ಇದೆ. ಮೊದಲು ಜಾಗೃತಿ ಮೂಡಿಸಬೇಕು, ವಿಷಯ ಜನರ ಕಿವಿಗೆ ಬಿದ್ದರೆ ಹಣ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ. ಸಾಗರದಲ್ಲಿ ನಡೆದದ್ದು ಬೇರೆ. ಜಾಗೃತಿಯ ಹಿಂದೆ ಮೊದಲು ಬಂದದ್ದು ಮಕ್ಕಳು. ಹಣ ಬಹಳ ಹಿಂದೆ, ನಿಧಾನವಾಗಿ, ನಾವು ಕೇಳಿದ ರೀತಿ ಸರಿಯಾದ ಮೇಲೆ ಬಂತು. ಆಟಿಸಂ ಕೇಂದ್ರಕ್ಕೆ ನೆರವಾಗಬೇಕೆಂದು ತೀರ್ಥಹಳ್ಳಿಯಲ್ಲೋ ಸೊರಬದಲ್ಲೋ ಯಾರಾದರೂ ಯೋಚಿಸುತ್ತಿದ್ದರೆ ಅವರಿಗೆ ಉಪಯೋಗವಾಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆಶಾ ಕಾರ್ಯಕರ್ತೆಯರ ಸಭೆ

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ವಿಶ್ವಸಂಸ್ಥೆಯ ಮಹಾಸಭೆ 2007ರ ಡಿಸೆಂಬರಿನಲ್ಲಿ ನಿರ್ಣಯ ಕೈಗೊಂಡು, 2008ರಿಂದ ಆಚರಣೆಗೆ ಬಂದ ದಿನ. ದೊಡ್ಡ ನಗರಗಳಲ್ಲಿ ಅಂದು ಕಟ್ಟಡಗಳಿಗೆ ನೀಲಿ ದೀಪ ಹಾಕುತ್ತಾರೆ, ನಡಿಗೆ ಏರ್ಪಡಿಸುತ್ತಾರೆ. ನಮ್ಮ ಮುಖ್ಯ ಶಿಕ್ಷಕಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ನೀಲಿ ದೀಪ ನೋಡಿ ಯಾವ ತಾಯಿಗೂ ತನ್ನ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಜೊತೆ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕುಳಿತು ಮಾತನಾಡುವುದೆಂದು ತೀರ್ಮಾನವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವರ ಮಾಸಿಕ ಸಭೆ ಹೇಗೂ ನಡೆಯುತ್ತದೆ. ಅದರ ಕೊನೆಯಲ್ಲಿ ಅರ್ಧ ಗಂಟೆ ಕೇಳಿಕೊಂಡೆವು.

ಹೇಳಿದ್ದು ಸರಳ ಸಂಗತಿಗಳು. ವರ್ಷ ತುಂಬಿದ ಮಗು ಹೆಸರು ಕರೆದಾಗ ತಿರುಗಿ ನೋಡುತ್ತದೆಯೇ? ಒಂದೂವರೆ ವರ್ಷದ ಹೊತ್ತಿಗೆ ಹಸುವನ್ನೋ ವಿಮಾನವನ್ನೋ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆಯೇ? ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ತಾನಾಗಿ ಹೇಳುತ್ತದೆಯೇ? ಮೊದಲು ಹೇಳುತ್ತಿದ್ದ ಮಾತುಗಳನ್ನು ಬಿಟ್ಟುಬಿಟ್ಟಿದೆಯೇ? ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದು ಹೇಳಬಾರದು; ಆದರೆ ವೈದ್ಯರಿಗೆ ತೋರಿಸುವುದನ್ನು ಮುಂದಕ್ಕೆ ಹಾಕಬಾರದು.

ಮುಂದಕ್ಕೆ ಹಾಕುವುದೇ ನಮ್ಮ ಕಡೆಯ ದೊಡ್ಡ ಕಷ್ಟ. 'ಗಂಡು ಮಕ್ಕಳಿಗೆ ಮಾತು ತಡ', 'ಇವನ ಅಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ದೇವಿಗೆ ಹರಕೆ ಹೊರುತ್ತಾರೆ. ಹರಕೆಯ ಬಗ್ಗೆ ನಮಗೆ ತಕರಾರಿಲ್ಲ, ಅದು ಆ ಕುಟುಂಬಕ್ಕೆ ಧೈರ್ಯ ಕೊಡುತ್ತದೆ. ಹರಕೆಯ ಜೊತೆಗೇ ವೈದ್ಯರ ಬಳಿಗೂ ಹೋಗಿ ಎಂದಷ್ಟೇ ಹೇಳಿದೆವು. ಮೂರು ವರ್ಷದೊಳಗೆ ಸಿಗುವ ತರಬೇತಿಯ ಬೆಲೆ ಆರನೆಯ ವರ್ಷದಲ್ಲಿ ತಿಳಿಯುತ್ತದೆ.

ಒಂದು ಸಭೆಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, "ಮೇಡಂ, ಲಸಿಕೆ ಹಾಕಿಸಿದರೆ ಇದು ಬರುತ್ತದೆ ಎನ್ನುತ್ತಾರೆ, ಹೌದೇ?" ಎಂದು ಕೇಳಿದರು. ಮನೆಮನೆಗೆ ಹೋಗಿ ಲಸಿಕೆಗೆ ಕರೆತರುವವರೇ ಅವರು; ಆ ಪ್ರಶ್ನೆಗೆ ಉತ್ತರವಿಲ್ಲದೆ ಅವರು ಹೇಗೆ ಕೆಲಸ ಮಾಡಬೇಕು? ಆ ಗಾಳಿಮಾತಿನ ಮೂಲವನ್ನು ವಿವರಿಸಿದೆವು. 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳನ್ನು ಇಟ್ಟುಕೊಂಡು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನ ಅದು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು, ಆತನ ವೈದ್ಯಕೀಯ ನೋಂದಣಿಯೂ ಅದೇ ವರ್ಷ ರದ್ದಾಯಿತು. ಅನಂತರ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲ ಎಂದು ತೋರಿಸಿವೆ.

ಇನ್ನೊಂದು ಆರೋಪ ತಾಯಂದಿರ ಮೇಲಿನದು. ಮೊಬೈಲ್ ಕೊಟ್ಟು ಕೂರಿಸಿದಳು, ಎತ್ತಿ ಆಡಿಸಲಿಲ್ಲ, ಗರ್ಭಿಣಿಯಾಗಿದ್ದಾಗ ಅದು ತಿಂದಳು, ಇದು ನೋಡಿದಳು. ಇದು ನಮ್ಮೂರಿನ ಅತ್ತೆಯರ ಮಾತು ಮಾತ್ರವಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ಗುರುತಿಸಿದ ಮೇಲೆ, ದಶಕಗಳ ಕಾಲ ಓದಿದ ತಜ್ಞರೇ ತಾಯಂದಿರ ಪ್ರೀತಿ ಸಾಲದು ಎಂದು ದೂರಿದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಆಟಿಸಂ ಮಿದುಳಿನ ಬೆಳವಣಿಗೆಯ ಬಗೆ. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಸಾಕಿದ ರೀತಿಯಿಂದ ಬರುವುದಲ್ಲ. ಈ ಮಾತನ್ನು ಹೇಳಿದ ದಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು, ಇದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಿ, ನಾನು ಒಂದು ಮನೆಯಲ್ಲಿ ಅತ್ತೆಯ ಎದುರೇ ಓದಿ ಹೇಳಬೇಕಾಗಿದೆ ಎಂದು ಕೇಳಿದರು. ಹಾಗೆ ಹುಟ್ಟಿದ್ದು ನಮ್ಮ ಒಂದು ಹಾಳೆಯ ಕರಪತ್ರ. ಎರಡು ಬದಿ, ದಪ್ಪ ಅಕ್ಷರ, ಯಾವ ಮಗುವಿನ ಚಿತ್ರವೂ ಇಲ್ಲ.

ಬಾಗಿಲಲ್ಲಿ ನಿಂತ ಕುಟುಂಬಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಕೇಂದ್ರಕ್ಕೆ ಹೊಸ ಕುಟುಂಬಗಳು ಬರತೊಡಗಿದವು. ತಾಳಗುಪ್ಪದ ಕಡೆಯಿಂದ, ಆನಂದಪುರದ ಕಡೆಯಿಂದ, ಶರಾವತಿ ಹಿನ್ನೀರಿನಾಚೆಯಿಂದ. ಕೈಯಲ್ಲಿ ಅದೇ ಕರಪತ್ರ. ಎರಡು ವರ್ಷದ, ಎರಡೂವರೆ ವರ್ಷದ ಮಕ್ಕಳು. ನಾವು ಬಯಸಿದ್ದೂ ಅದನ್ನೇ. ಆದರೆ ಇಬ್ಬರು ಶಿಕ್ಷಕಿಯರ ಕೈ ಆಗಲೇ ತುಂಬಿತ್ತು.

ಇದನ್ನು ಹೊರಗಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಒಂದು ಕೋಣೆಯಲ್ಲಿ ಇನ್ನೂ ನಾಲ್ಕು ಮಕ್ಕಳು ಹಿಡಿಯುವುದಿಲ್ಲವೇ ಎನ್ನುತ್ತಾರೆ. ಹಿಡಿಯುವುದಿಲ್ಲ. ನಮ್ಮ ಕೇಂದ್ರದಲ್ಲಿ ಪ್ರತಿ ಮಗುವಿನ ಹೆಸರಿನ ಎದುರು ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಅದರ ಮೇಲೆ ಅಂಗೈ ಅಗಲದ ಚಿತ್ರದ ಕಾರ್ಡುಗಳು ಅಂಟಿಕೊಂಡಿರುತ್ತವೆ: ಚಪ್ಪಲಿ ಬಿಡುವುದು, ಚಾಪೆ, ಮಣಿ ಪೋಣಿಸುವುದು, ತಿಂಡಿ, ಉಯ್ಯಾಲೆ, ಬಸ್. ಒಂದು ಕೆಲಸ ಮುಗಿದ ಕೂಡಲೇ ಮಗು ಆ ಕಾರ್ಡನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತದೆ. ಮುಂದೇನು ಎಂಬುದು ಕಣ್ಣಿಗೆ ಕಾಣುವುದರಿಂದ ಅರ್ಧ ಗಾಬರಿ ಅಲ್ಲಿಯೇ ಇಳಿಯುತ್ತದೆ. ಜುಲೈನಲ್ಲಿ ಜಿಲ್ಲಾಡಳಿತ ಮಳೆ ರಜೆ ಘೋಷಿಸಿದಾಗ ಮನೆಗೆ ಕಳಿಸಲೆಂದೇ ಕೊಡೆಯ ಚಿತ್ರವಿರುವ ಕಾರ್ಡೊಂದನ್ನು ಶಿಕ್ಷಕಿ ಮಾಡಿಟ್ಟಿದ್ದಾರೆ. ಇದ್ದಕ್ಕಿದ್ದಂತೆ ಶಾಲೆಯಿಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪದ ಹುಡುಗ ಆ ಕೊಡೆಯನ್ನು ನೋಡಿ ಒಪ್ಪುತ್ತಾನೆ. ಈ ಪಟ್ಟಿ ಒಂದೊಂದು ಮಗುವಿಗೂ ಬೇರೆ. ಪಕ್ಕದಲ್ಲಿ ಕುಳಿತು ಅದನ್ನು ನಡೆಸುವ ಕೈ ಬೇಕು. ನಿಜವಾದ ಖರ್ಚು ಆ ಕೈಗಳದ್ದು. ಕಟ್ಟಡ, ಆಟಿಕೆ, ಬಣ್ಣದ ಕುರ್ಚಿ ಎಲ್ಲವೂ ಆಮೇಲಿನವು.

ಟ್ರಸ್ಟಿನ ಸಭೆಯಲ್ಲಿ ವಾದವೇ ನಡೆಯಿತು. ಕರಪತ್ರ ಹಂಚುವುದನ್ನು ಸದ್ಯಕ್ಕೆ ನಿಲ್ಲಿಸೋಣ, ಬಂದವರನ್ನು ವಾಪಸು ಕಳಿಸುವುದಕ್ಕಿಂತ ಅದು ಮೇಲು ಎಂದರು ಒಬ್ಬರು. ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಒಪ್ಪಲಿಲ್ಲ. ಮಗುವಿಗೆ ಎರಡು ವರ್ಷ ಒಂದೇ ಸಲ ಬರುವುದು, ನಮ್ಮ ಅನುಕೂಲಕ್ಕೆ ಅದು ಕಾಯುವುದಿಲ್ಲ ಎಂದರು. ನನ್ನ ಮನಸ್ಸು ಮೇಷ್ಟ್ರ ಕಡೆಗೇ ಇತ್ತು, ಈಗಲೂ ಅಲ್ಲೇ ಇದೆ. ಆದರೆ ಜಾಗವಿಲ್ಲದೆ ಕರೆಯುವುದು ಅನ್ಯಾಯ ಎಂಬ ಮಾತಿನಲ್ಲೂ ಹುರುಳಿತ್ತು.

ಎರಡು ನಿರ್ಣಯಗಳಾದವು. ಒಂದು, ಕಾಯುತ್ತಿರುವ ಕುಟುಂಬಗಳಿಗೆ ಶನಿವಾರದ ಪೋಷಕರ ತರಗತಿ. ಇನ್ನೊಂದು, ಮೂರನೆಯ ಶಿಕ್ಷಕಿಯ ಸಂಬಳಕ್ಕಾಗಿ, ಅದೊಂದಕ್ಕೇ, ಹಣ ಸಂಗ್ರಹ.

ಪೋಷಕರ ತರಗತಿಗೆ ದುಡ್ಡು ಹೆಚ್ಚು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಕುಟುಂಬಗಳಿಗೆಂದೇ ತರಬೇತಿ ಕ್ರಮವೊಂದನ್ನು ರೂಪಿಸಿದೆ. ಮನೆಯ ದಿನನಿತ್ಯದ ಕೆಲಸಗಳಲ್ಲೇ ಮಗುವಿನೊಡನೆ ತೊಡಗುವುದು ಅದರ ತಿರುಳು. ನಮ್ಮ ಥೆರಪಿಸ್ಟ್ ಅದನ್ನು ಬಚ್ಚಲುಮನೆಗೆ ತಂದರು. ನೀರೆಂದರೆ ಪ್ರಾಣವೆನ್ನುವ ಮಗು ಎಂದಿಟ್ಟುಕೊಳ್ಳಿ. ಹಂಡೆಯಿಂದ ತೋಡಿ ಒಂದು ಚೊಂಬು ಹೊಯ್ಯಿರಿ. ಎರಡನೆಯ ಚೊಂಬು ಎತ್ತಿ ಹಿಡಿದು ನಿಲ್ಲಿ. ಏನೂ ಹೇಳಬೇಡಿ, ಕಾಯಿರಿ. ಮಗು ನಿಮ್ಮ ಮುಖ ನೋಡಲಿ, ಚೊಂಬು ಮುಟ್ಟಲಿ, ಒಂದು ಸದ್ದು ಮಾಡಲಿ, ಯಾವುದಾದರೂ ಸರಿ. ಆ ಕ್ಷಣ 'ನೀರು' ಎಂದು ಹೇಳಿ ಹೊಯ್ಯಿರಿ. ಕಾಯುವುದು ತಾಯಂದಿರಿಗೆ ಬಲು ಕಷ್ಟವಾಯಿತು. ಮಗು ಕೇಳುವ ಮೊದಲೇ ಕೊಟ್ಟು ಅಭ್ಯಾಸವಾದ ಕೈ ಅದು. ಎರಡು ವಾರ ಕಳೆದು ಒಬ್ಬ ತಾಯಿ ಬಂದು, ಮಗಳು ಚೊಂಬನ್ನು ತಾನೇ ತಂದು ಕೈಗೆ ಕೊಟ್ಟಳು ಎಂದು ಹೇಳಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಎಷ್ಟು ಕೇಳುವುದು, ಯಾವುದಕ್ಕೆ ಕೇಳುವುದು

ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. 1992ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅಂಥ ತರಬೇತಿ ಪಡೆದವರು ಬೆಂಗಳೂರು ಮೈಸೂರು ಬಿಟ್ಟು ಸಾಗರಕ್ಕೆ ಬರಬೇಕಾದರೆ ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಎಂಬ ಭರವಸೆ ಬೇಕು. ತಿಂಗಳಿಗೆ 18,000 ರೂಪಾಯಿ ಎಂದು ಗೊತ್ತುಮಾಡಿದೆವು. ವರ್ಷಕ್ಕೆ 2,16,000, ಎರಡು ವರ್ಷಕ್ಕೆ 4,32,000. ಎರಡು ವರ್ಷದ ಲೆಕ್ಕವನ್ನೇ ಮುಂದಿಡಬೇಕೆಂದು ನಾನು ಹಟ ಹಿಡಿದೆ. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಈ ಮಕ್ಕಳಲ್ಲಿ ಕೆಲವರಿಗೆ ತಿಂಗಳುಗಳೇ ಬೇಕು. ವರ್ಷ ತುಂಬಿದ ಕೂಡಲೇ ಹಣವಿಲ್ಲ ಎಂದು ಶಿಕ್ಷಕಿಯನ್ನು ಕಳಿಸಿಕೊಟ್ಟರೆ ನಷ್ಟ ಅನುಭವಿಸುವುದು ಮಗು.

ಇಲ್ಲಿ ಮಲೆನಾಡಿನ ಹಣದ ಹರಿವನ್ನು ಅರಿಯದೆ ಕೆಲಸ ಆಗುವುದಿಲ್ಲ. ಸಂಬಳದಾರರಿಗೆ ತಿಂಗಳಿಗೆ 200 ರೂಪಾಯಿ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡುವುದು ಸುಲಭ. ಅಂಥವರು 90 ಜನ ಸಿಕ್ಕರೆ ಒಬ್ಬ ಶಿಕ್ಷಕಿಯ ಸಂಬಳ ಪೂರೈಸಿತು. ಆದರೆ ಅಡಿಕೆ ಬೆಳೆಗಾರನ ಕೈಗೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಕೊಯ್ಲು ಮುಗಿದು, ಸುಲಿದು, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ಬರುವುದು. ಜೂನ್ ಜುಲೈನಲ್ಲಿ ಅವನ ಬಳಿ ಹೋದರೆ ಮಕ್ಕಳ ಶುಲ್ಕ, ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆ, ಮರ ಹತ್ತುವ ಕೊನೆಗಾರನ ಕೂಲಿ, ಎಲ್ಲವೂ ಒಟ್ಟಿಗೆ ಕೂತಿರುತ್ತವೆ. ಆದ್ದರಿಂದ ಅವರನ್ನು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚ್‌ನಲ್ಲಿ ಕೇಳುವುದೆಂದಾಯಿತು. ಕೆಲವರು ಮಾರಾಟದ ದಿನ ಎರಡು ಕಿಲೋ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಬೆಲೆಯನ್ನು ತೆಗೆದಿಟ್ಟು ಕೊಟ್ಟರು. ಈ ಪದ್ಧತಿ ಈಗ ಮೂರ್ನಾಲ್ಕು ಊರುಗಳಲ್ಲಿ ನಿಂತಿದೆ.

ತೆರಿಗೆ ವಿನಾಯಿತಿಯ ಆಸೆ ತೋರಿಸಿ ದೇಣಿಗೆ ಕೇಳುವುದು ನಗರದ ರೂಢಿ. ನಮ್ಮಲ್ಲಿ ಅದು ಅಷ್ಟಾಗಿ ನಡೆಯುವುದಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಮತ್ತೆ ವಿನಾಯಿತಿಯ ರಸೀದಿ ಯಾಕೆ? ಬೆಂಗಳೂರಿನಲ್ಲಿರುವ ಊರಿನ ಮಕ್ಕಳಿಗೆ ಅದು ಬೇಕಾಗುತ್ತದೆ. ಅವರಲ್ಲೂ ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆ ವಿನಾಯಿತಿ ಸಿಗುವುದಿಲ್ಲ. ನಗದಿನ ಮಿತಿಯನ್ನಂತೂ ಎಲ್ಲರಿಗೂ ಮೊದಲೇ ಹೇಳಬೇಕು. 2017ರ ಹಣಕಾಸು ಕಾಯ್ದೆಯಿಂದ ವಿನಾಯಿತಿಗೆ ಅರ್ಹವಾಗುವ ನಗದು ದೇಣಿಗೆ 10,000ದಿಂದ 2,000 ರೂಪಾಯಿಗೆ ಇಳಿಯಿತು. ಹೆಚ್ಚು ಕೊಡುವವರು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ಯುಪಿಐ ಫಲಕವನ್ನು ಟ್ರಸ್ಟಿನ ಖಾತೆಗೆ ಮಾತ್ರ ಜೋಡಿಸಿದೆವು. ಪದಾಧಿಕಾರಿಯ ಸ್ವಂತ ನಂಬರಿಗೆ ಒಂದು ರೂಪಾಯಿಯೂ ಬರಕೂಡದು ಎಂಬುದು ನಮ್ಮ ಟ್ರಸ್ಟಿನಲ್ಲಿ ಬದಲಾಗದ ನಿಯಮ.

ಅಮೆರಿಕದಲ್ಲಿ ನೆಲೆಸಿದ ಊರಿನವರೊಬ್ಬರು ದೊಡ್ಡ ಮೊತ್ತ ಕಳಿಸಲು ಮುಂದೆ ಬಂದರು. ಅವರು ಅಲ್ಲಿನ ಪೌರತ್ವ ಪಡೆದಿದ್ದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಬೇರೆ ದೇಶದ ಪೌರರು ಕೊಟ್ಟರೆ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಹಣ ಬರಬೇಕು. ನಮಗೆ ಆ ನೋಂದಣಿ ಇಲ್ಲ. ಕೈಮುಗಿದು ಬೇಡವೆಂದೆವು. ಮನಸ್ಸಿಗೆ ಬೇಸರವಾಯಿತು, ಆದರೆ ಈ ವಿಷಯದಲ್ಲಿ ಅಡ್ಡದಾರಿ ಹುಡುಕುವ ಸಂಸ್ಥೆಯ ಬಾಗಿಲು ಒಂದು ದಿನ ಮುಚ್ಚುತ್ತದೆ.

ಸಹಾಯಾರ್ಥ ಆಟ

ಯಕ್ಷಗಾನದ ಅಭಿಮಾನಿಗಳ ಬಳಗವೊಂದು ತಾನಾಗಿಯೇ ಮುಂದೆ ಬಂತು. ಮಲೆನಾಡಿನಲ್ಲಿ ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಾರದೋ ಆಪರೇಷನ್ನಿಗೆ ಸಹಾಯಾರ್ಥ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸುವುದು ಹಳೆಯ ವಾಡಿಕೆ. ಬಳಗದ ಮುಖ್ಯಸ್ಥರ ಯೋಜನೆ ಹೀಗಿತ್ತು: ಹೆಸರಾದ ಮೇಳ, ಇಡೀ ರಾತ್ರಿಯ ಪ್ರದರ್ಶನ, ನಡುವೆ ಮಕ್ಕಳನ್ನು ರಂಗಸ್ಥಳಕ್ಕೆ ಕರೆದು ಗಣ್ಯರಿಂದ ಚೆಕ್ ಹಸ್ತಾಂತರ, ಭಿತ್ತಿಪತ್ರದಲ್ಲಿ ಒಂದು ಮಗುವಿನ ಫೋಟೋ, ಮೇಲೆ 'ದೇವರ ಮಕ್ಕಳಿಗೆ ನೆರವಾಗಿ'. ಒಳ್ಳೆಯ ಮನಸ್ಸಿನ ಮನುಷ್ಯ. ಕೇಂದ್ರಕ್ಕೆ ಬಂದು ಎಲ್ಲರೆದುರು ಇದನ್ನು ಉತ್ಸಾಹದಿಂದ ವಿವರಿಸಿದರು.

ಹಿನ್ನೀರಿನಾಚೆಯಿಂದ ಬರುವ ತಾಯಿಯೊಬ್ಬರು ಅಲ್ಲಿದ್ದರು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೆ ಅವರು ಮಗನನ್ನು ಲಾಂಚಿನಲ್ಲಿ ದಾಟಿಸಿಕೊಂಡೇ ಬಂದವರು. ಇಂಜಿನ್ನಿನ ಸದ್ದಿಗೆ ಮಗ ಕಿವಿ ಮುಚ್ಚಿ ಕಿರುಚುವಾಗ ಸುತ್ತ ನೆರೆದ ಜನ ಏನೇನು ಹೇಳುತ್ತಾರೆ ಎಂಬುದನ್ನು ವರ್ಷಗಟ್ಟಲೆ ಕೇಳಿದವರು.

"ಅಣ್ಣಾ, ನೀವು ಆಟ ಆಡಿಸಿ, ನಾನೇ ಹತ್ತು ಟಿಕೆಟ್ ಮಾರುತ್ತೇನೆ. ನನ್ನ ಮಗನನ್ನು ಮಾತ್ರ ರಂಗಸ್ಥಳಕ್ಕೆ ಹತ್ತಿಸಬೇಡಿ" ಎಂದರು. "ಅವನ ಫೋಟೋ ನೋಡಿ ಅಯ್ಯೋ ಪಾಪ ಎಂದು ನೂರು ರೂಪಾಯಿ ಕೊಟ್ಟವರು ಮರುದಿನ ಬಸ್ಸಿನಲ್ಲಿ ಅವನಿಗೆ ಪಕ್ಕದ ಸೀಟು ಬಿಡುವುದಿಲ್ಲ. ನನಗೆ ಆ ಸೀಟು ಬೇಕು."

ಬಳಗದ ಮುಖ್ಯಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂಗೀ, ನೀನು ಹೇಳಿದ ಹಾಗೇ ಮಾಡೋಣ. ಹೇಗೆ ಎಂದು ಹೇಳು" ಎಂದರು. ಆ ಮಾತಿಗಾಗಿ ಅವರ ಮೇಲೆ ನನಗಿರುವ ಗೌರವ ದೊಡ್ಡದು. ದಾನ ಕೊಡಿಸುವ ಸಾಮರ್ಥ್ಯ ಇರುವವರು ಹೀಗೆ ಕೇಳುವುದು ಅಪರೂಪ.

ಅಲ್ಲಿಂದ ಯೋಜನೆ ಒಂದೊಂದಾಗಿ ಬದಲಾಯಿತು. ಹೆಸರಾದ ಮೇಳದ ವೀಳ್ಯ ಕೊಟ್ಟರೆ ಸಂಗ್ರಹದ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ತಾಲ್ಲೂಕಿನದೇ ಹವ್ಯಾಸಿ ತಂಡ ಪ್ರಯಾಣದ ಖರ್ಚು, ಊಟ ಬಿಟ್ಟು ಬೇರೇನೂ ಬೇಡವೆಂದಿತು. ಇಡೀ ರಾತ್ರಿಯ ಬದಲು ಕಾಲಮಿತಿಯ ಆಟ, ಸಂಜೆ ಐದೂವರೆಯಿಂದ ಹತ್ತರವರೆಗೆ. ಧ್ವನಿವರ್ಧಕಕ್ಕೆ ರಾತ್ರಿ 10ರ ನಂತರ ನಿರ್ಬಂಧ ಹೇರಿದ 2000ದ ನಿಯಮಕ್ಕೂ, ಮನೆಗೆ ಮರಳಬೇಕಾದವರ ಕೊನೆಯ ಬಸ್ಸಿಗೂ ಹೊಂದಿತು. ದಿನ ಏಪ್ರಿಲ್ 2 ಅಲ್ಲ, ಫೆಬ್ರವರಿಯ ಒಂದು ಶನಿವಾರ. ಕೈಯಲ್ಲಿ ಅಡಿಕೆಯ ದುಡ್ಡು ಆಡುವ ಕಾಲ, ಪರೀಕ್ಷೆಗಳು ಇನ್ನೂ ಶುರುವಾಗದ ಕಾಲ. ಭಿತ್ತಿಪತ್ರದಲ್ಲಿ ಫೋಟೋದ ಜಾಗದಲ್ಲಿ ಗೋಡೆಯ ಆ ಕಾರ್ಡುಗಳ ಪಟ್ಟಿಯ ಚಿತ್ರ, ಅದರ ಕೆಳಗೆ ಒಂದೇ ಸಾಲು: 'ಮೂರನೆಯ ಶಿಕ್ಷಕಿಯ ಎರಡು ವರ್ಷದ ಸಂಬಳಕ್ಕಾಗಿ'. ಇಷ್ಟು ಒಣ ಸಾಲಿಗೆ ಯಾರು ಕೊಡುತ್ತಾರೆ ಎಂದು ಸಂಶಯಪಟ್ಟವರಿದ್ದರು. ಜನ ಅದನ್ನೇ ಮೆಚ್ಚಿದರು. ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾದರೆ ಹಳ್ಳಿಯ ಮನುಷ್ಯ ಲೆಕ್ಕ ಹಾಕಿಯೇ ಕೊಡುತ್ತಾನೆ. 'ನನ್ನದು ಒಂದು ದಿನದ ಸಂಬಳ' ಎಂದು 600 ರೂಪಾಯಿ ಬರೆಸಿದವರು ಹಲವರು.

ಮಕ್ಕಳಿಗೆ ಆಟ ಬೇಡವೇ? ಬೇಕು. ಚೆಂಡೆಯ ಪೆಟ್ಟು ಕೆಲವರಿಗೆ ತಡೆಯಲಾಗದು, ಕೆಲವರಿಗೆ ಅದೇ ಇಷ್ಟ. ಅವರಿಗಾಗಿ ಆ ದಿನ ಮಧ್ಯಾಹ್ನ ಚೌಕಿಯನ್ನು, ಅಂದರೆ ಕಲಾವಿದರು ವೇಷ ಕಟ್ಟುವ ಕೋಣೆಯನ್ನು, ತೆರೆದಿಟ್ಟರು. ಹಿಮ್ಮೇಳವಿಲ್ಲ, ಮೈಕ್ ಇಲ್ಲ, ಒಂದು ಸಲಕ್ಕೆ ಎರಡು ಮೂರು ಮಕ್ಕಳು, ಜೊತೆಗೆ ಪೋಷಕರು. ಹನ್ನೊಂದು ವರ್ಷದ ಹುಡುಗನೊಬ್ಬ ಕಲಾವಿದರೊಬ್ಬರ ಎದುರು ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟ. ಅವರು ಮುಂಡಾಸು ಕಟ್ಟುತ್ತಿದ್ದರು: ಒಂದು ಸುತ್ತು ಬಟ್ಟೆ, ಅದರ ಮೇಲೆ ದಾರ, ಮತ್ತೆ ಬಟ್ಟೆ, ಮತ್ತೆ ದಾರ, ಜರಿಯ ಪಟ್ಟಿ ಸರಿಯಾದ ಅಂತರದಲ್ಲಿ. ಹುಡುಗ ಬೆರಳು ಗಾಳಿಯಲ್ಲಿ ಸುತ್ತುತ್ತ ಅದೇ ಲಯದಲ್ಲಿ ಹಿಂಬಾಲಿಸಿದ. ಒಮ್ಮೆ ಕಲಾವಿದರು ಮಾತಾಡುತ್ತ ಒಂದು ಸುತ್ತು ತಪ್ಪಿಸಿದಾಗ ಹುಡುಗ ಅವರ ಮಣಿಕಟ್ಟು ಹಿಡಿದು ಹಿಂದಕ್ಕೆ ತಂದ. ಅವರು ನೋಡಿ, ಬಿಚ್ಚಿ, ಮತ್ತೆ ಸುತ್ತಿದರು. "ಇಪ್ಪತ್ತು ವರ್ಷದಿಂದ ಕಟ್ಟುತ್ತಿದ್ದೇನೆ, ಇಷ್ಟು ಗಮನ ಇಟ್ಟು ನೋಡಿದವರು ಯಾರೂ ಇಲ್ಲ" ಎಂದು ಅವರು ಹೇಳಿದ್ದನ್ನು ಹುಡುಗನ ತಂದೆ ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದರು.

ಸಂಜೆಯ ಪ್ರದರ್ಶನದ ನಡುವೆ ಸನ್ಮಾನ, ಹಾರ, ಶಾಲು ಯಾವುದೂ ಇರಲಿಲ್ಲ. ಕಾಲು ಗಂಟೆ ಬಿಡುವು ಕೊಟ್ಟು ಒಬ್ಬ ತಂದೆ ಮಾತನಾಡಿದರು. ಬಸ್ಸಿನಲ್ಲೋ ಜಾತ್ರೆಯಲ್ಲೋ ಮಗುವೊಂದು ನೆಲಕ್ಕೆ ಬಿದ್ದು ಕಿರುಚುತ್ತಿದ್ದರೆ ಅದು ಹಟ ಎಂದುಕೊಳ್ಳಬೇಡಿ. ಸದ್ದು, ಬೆಳಕು, ಜನರ ಒತ್ತು ಅದಕ್ಕೆ ಮಿತಿ ಮೀರಿರಬಹುದು. ಸುತ್ತ ನೆರೆಯಬೇಡಿ, ಜಾಗ ಬಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಬೇಡಿ. ಜೊತೆಗಿರುವವರನ್ನು 'ಏನು ಬೇಕು' ಎಂದಷ್ಟೇ ಕೇಳಿ. ಇಷ್ಟು ಹೇಳಿ ಅವರು ಇಳಿದರು. ಆ ಮಾತನ್ನು ಕೇಳಿದವರಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬರಿದ್ದರು. ಚಾಲಕನ ಹಿಂದಿನ ಕಿಟಕಿಯ ಸೀಟು ಸಿಗದಿದ್ದರೆ ಹತ್ತಲೊಪ್ಪದ ಹುಡುಗನಿಗೆ ಈಗ ಆ ಸೀಟಿನ ಮೇಲೆ ಅವರು ಟವಲ್ ಹಾಕಿಟ್ಟು ಬರುತ್ತಾರೆ.

ಆಮೇಲೆ

ಆಟದ ರಾತ್ರಿಯ ಹಣ, ಖರ್ಚು ಕಳೆದು, ಮೂರನೆಯ ಶಿಕ್ಷಕಿಯ ಆರೇಳು ತಿಂಗಳ ಸಂಬಳಕ್ಕೆ ಸಾಲುವಷ್ಟು ಉಳಿಯಿತು. ಒಂದು ರಾತ್ರಿಯ ಕಾರ್ಯಕ್ರಮದಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು ಎಂದು ನನ್ನ ಅಭಿಪ್ರಾಯ. ಉಳಿದದ್ದನ್ನು ತುಂಬಿದ್ದು ಆ ರಾತ್ರಿ ಹಂಚಿದ ಚೀಟಿಗಳು. ಶಾಲಾ ಶಿಕ್ಷಕರು, ಬ್ಯಾಂಕಿನವರು, ನರ್ಸುಗಳು ತಿಂಗಳ ದೇಣಿಗೆಗೆ ಸಹಿ ಮಾಡಿದರು. ಬೆಳೆಗಾರರು ಸುಗ್ಗಿಯ ದೇಣಿಗೆಗೆ ಹೆಸರು ಬರೆಸಿದರು. ಮಹಿಳೆಯರ ಸ್ವಸಹಾಯ ಸಂಘಗಳ ಮೊತ್ತ ಸಣ್ಣದು, ಆದರೆ ಒಂದು ತಿಂಗಳೂ ತಪ್ಪಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕದ ಹಾಳೆಯನ್ನು ಹಾಲಿನ ಡೇರಿಯ, ಸಹಕಾರ ಸಂಘದ ಗೋಡೆಗೆ ಅಂಟಿಸುತ್ತೇವೆ. ಬಂದದ್ದು, ಹೋದದ್ದು, ಉಳಿದದ್ದು. ನಿಂತು ಓದುವವರನ್ನು ನೋಡಿದಾಗ ನನಗೆ ಧನ್ಯತೆ ಅನ್ನಿಸುತ್ತದೆ.

ಮೂರನೆಯ ಶಿಕ್ಷಕಿ ಜೂನ್‌ನಲ್ಲಿ ಬಂದರು. ಕಾಯುತ್ತಿದ್ದ ಮಕ್ಕಳಲ್ಲಿ ಚಿಕ್ಕವರನ್ನು ಮೊದಲು ತೆಗೆದುಕೊಂಡೆವು. ಉಳಿದವರಿಗೆ ಶನಿವಾರದ ತರಗತಿ ಮುಂದುವರಿದಿದೆ. ಈಗ ಪ್ರತಿ ಸಲ ಆಶಾ ಕಾರ್ಯಕರ್ತೆಯರ ಸಭೆಗೆ ಹೋಗುವ ಮೊದಲು ಎಷ್ಟು ಮಕ್ಕಳಿಗೆ ಜಾಗವಿದೆ ಎಂದು ಮುಖ್ಯ ಶಿಕ್ಷಕಿಯನ್ನು ಕೇಳಿಕೊಂಡೇ ಹೋಗುತ್ತೇವೆ, ಅದನ್ನು ಸಭೆಯಲ್ಲೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಾಗದಪತ್ರದ ಕೆಲಸವೂ ಜಾಗೃತಿಯದೇ ಭಾಗವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ ಎಂಬುದೇ ಬಹುಪಾಲು ಕುಟುಂಬಗಳಿಗೆ ಗೊತ್ತಿರಲಿಲ್ಲ. ಎಪ್ಪತ್ತು ಕಿಲೋಮೀಟರಿಗೂ ದೂರದ ಶಿವಮೊಗ್ಗಕ್ಕೆ ಒಂದೊಂದೇ ಕುಟುಂಬ ಅಲೆಯುವ ಬದಲು ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಿಕೊಂಡರು. ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಭರಿಸುವ ನಿರಾಮಯ ವಿಮೆಗೂ ಅರ್ಜಿ ಹಾಕಿಸಿದೆವು.

ಈಗ ನಮ್ಮ ಮುಂದಿರುವುದು ದೊಡ್ಡವರಾದ ಮಕ್ಕಳ ಪ್ರಶ್ನೆ. ಇಬ್ಬರಿಗೆ 18 ತುಂಬಿದೆ. ಅವರ ಪರವಾಗಿ ಸಹಿ ಮಾಡುವ ಅಧಿಕಾರ ತಂದೆತಾಯಿಗೂ ತಾನಾಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಪಾಲಕತ್ವದ ಅರ್ಜಿ ಹಾಕಬೇಕು. ಒಂದು ಕುಟುಂಬದ ಅರ್ಜಿ ಸಿದ್ಧವಾಗಿದೆ. ಅವರಿಗೆ ಕೆಲಸವೂ ಬೇಕು. ಬೆಳೆಗಾರರೊಬ್ಬರು ತಮ್ಮ ಅಡಿಕೆ ಹಾಳೆ ತಟ್ಟೆಯ ಘಟಕದ ಪಕ್ಕದ ಕೊಟ್ಟಿಗೆಯನ್ನು ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ಹಾಳೆಗಳನ್ನು ಅಳತೆಯ ಪ್ರಕಾರ ವಿಂಗಡಿಸುವುದು, ತಟ್ಟೆಗಳನ್ನು ಇಪ್ಪತ್ತೈದರಂತೆ ಎಣಿಸಿ ಕಟ್ಟುವುದು ಇಬ್ಬರಿಗೂ ಒಗ್ಗಬಹುದು. ಒತ್ತುಯಂತ್ರದ ಸದ್ದು ಮತ್ತು ಕಾವು ಹಿಡಿಸುತ್ತವೆಯೋ ಇಲ್ಲವೋ ನೋಡಬೇಕು. ಮುಂದಿನ ವಾರ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅವರು ಒಪ್ಪಿದರೆ ಎಷ್ಟು ಹಣ ಬೇಕೆಂಬ ಲೆಕ್ಕವನ್ನು ಅನಂತರ ಹಾಕುವುದೆಂದು ಟ್ರಸ್ಟ್ ತೀರ್ಮಾನಿಸಿದೆ.